ಬಣ್ಣ ಹತ್ತದ ಹತ್ತಿ ಬಟ್ಟೆ: ಪೂರ್ವಸಂಸ್ಕರಣೆಯ ದೋಷಗಳನ್ನು ಪತ್ತೆಹಚ್ಚುವ ಕ್ರಮ

ಒಂದು ಸಣ್ಣ ಡೈಯಿಂಗ್ ಘಟಕದಲ್ಲಿ ಜಿಗ್ಗರ್‌ನಿಂದ, ಅಂದರೆ ಎರಡು ಉರುಳೆಗಳ ನಡುವೆ ಬಟ್ಟೆಯನ್ನು ಹಿಂದೆಮುಂದೆ ಓಡಿಸುವ ಯಂತ್ರದಿಂದ ಇಳಿದ ಕಡುನೀಲಿ ಪಾಪ್ಲಿನ್ ಬಟ್ಟೆಯನ್ನು ತಪಾಸಣೆಯ ಮೇಜಿನ ಮೇಲೆ ಹರಡಿದಾಗ ಅಂಗೈಯಗಲದ ಮಸುಕು ತೇಪೆಗಳು ಕಂಡವು. ತೇಪೆಗಳಿಗೆ ಸ್ಪಷ್ಟವಾದ ಗೆರೆಯಿರಲಿಲ್ಲ. ನೆನೆದ ಗೋಡೆ ಒಣಗುವಾಗ ಮೂಡುವ ಗುರುತಿನಂತೆ ಅಂಚು ಕರಗಿಹೋಗಿತ್ತು. ಬಣ್ಣದ ಮೇಸ್ತ್ರಿ ಉಪ್ಪು ಕಡಿಮೆಯಾಯಿತೆಂದರು, ಮಾಲೀಕರು ಬಣ್ಣದ ಪುಡಿಯೇ ಕಳಪೆಯೆಂದರು. ಮುಂದಿನ ಲಾಟಿಗೆ ಕಾಸ್ಟಿಕ್ ಸೋಡಾ ಹೆಚ್ಚಿಸಲಾಯಿತು, ಅದರ ಮುಂದಿನದಕ್ಕೆ ಇನ್ನೂ ಹೆಚ್ಚಿಸಲಾಯಿತು, ತೇಪೆಗಳು ಮಾತ್ರ ಕದಲಲಿಲ್ಲ. ಕೊನೆಗೆ ಬ್ಲೀಚಿಂಗ್ ಮುಗಿದು ಬಣ್ಣಕ್ಕೆ ಹೋಗಲಿದ್ದ ಬಟ್ಟೆಯ ಮೇಲೆ ಒಂದು ಹನಿ ಅಯೋಡಿನ್ ದ್ರಾವಣ ಹಾಕಿದಾಗ, ಹನಿ ಬಿದ್ದ ಜಾಗ ಕೆಲವೇ ಕ್ಷಣಗಳಲ್ಲಿ ನೇರಳೆ ಬೆರೆತ ನೀಲಿಗೆ ತಿರುಗಿತು. ನೇಯುವ ಮೊದಲು ನೂಲಿಗೆ ಏರಿಸಿದ್ದ, ಮೂರು ಹಂತ ಹಿಂದೆಯೇ ಹೋಗಬೇಕಿದ್ದ ಗಂಜಿ ಬಟ್ಟೆಯಲ್ಲೇ ಕುಳಿತಿತ್ತು. ಅದೇಕೆ ಹೋಗಲಿಲ್ಲ ಎಂಬುದು ಈ ಪ್ರಕರಣದ ನಿಜವಾದ ಪಾಠವಾದ್ದರಿಂದ ಅದನ್ನು ಗಂಜಿಯ ಭಾಗದಲ್ಲಿ ವಿವರವಾಗಿ ಹೇಳುತ್ತೇನೆ.

ಈ ಕೈಪಿಡಿಯನ್ನು ಜಿಗ್ಗರ್, ವಿಂಚ್ (ಹೆಚ್ಚು ನೀರಿನಲ್ಲಿ ಬಟ್ಟೆಯನ್ನು ಹಗ್ಗದಂತೆ ಸುತ್ತಿಸುವ ಯಂತ್ರ) ಅಥವಾ ತೊಟ್ಟಿಗಳಲ್ಲಿ ಕೆಲಸ ಮಾಡುವ ಸಣ್ಣ ಮತ್ತು ಮಧ್ಯಮ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಲಡಿ ನೂಲಿಗೆ ಬಣ್ಣ ಹಾಕುವವರಿಗೂ ಇದರ ಬಹುಭಾಗ ಅನ್ವಯಿಸುತ್ತದೆ. ಲಡಿ ನೂಲಿಗೆ ಇನ್ನೂ ಗಂಜಿ ಏರಿರುವುದಿಲ್ಲವಾದ್ದರಿಂದ ಗಂಜಿಯ ಭಾಗವನ್ನಷ್ಟೇ ಅವರು ಬಿಡಬಹುದು.

ರಾಸಾಯನಿಕ ಸೇರಿಸುವ ಮೊದಲು ಬಟ್ಟೆಯನ್ನು ಪರೀಕ್ಷಿಸುವುದು

ಮಗ್ಗದಿಂದ ಇಳಿದ ಕೋರಾ ಬಟ್ಟೆಯಲ್ಲಿ ಹತ್ತಿಯೊಂದೇ ಇರುವುದಿಲ್ಲ. ಹತ್ತಿಯ ಎಳೆಯ ಒಣತೂಕದಲ್ಲಿ ಸುಮಾರು 94 ಶೇಕಡಾ ಸೆಲ್ಯುಲೋಸ್ ಇದ್ದು, ಉಳಿದದ್ದು ಮೇಣ, ಪೆಕ್ಟಿನ್, ಪ್ರೋಟೀನ್, ಖನಿಜಾಂಶ ಮತ್ತು ನೈಸರ್ಗಿಕ ಬಣ್ಣ. ಮೇಣದ ಪ್ರಮಾಣ ಒಂದು ಶೇಕಡಾದ ಆಸುಪಾಸಿನಲ್ಲಿದ್ದರೂ ಅದು ಎಳೆಯ ಹೊರಮೈಯಲ್ಲೇ ಹರಡಿಕೊಂಡಿರುವುದರಿಂದ ನೀರನ್ನು ಒಳಗೆ ಬಿಡುವುದಿಲ್ಲ. ಇದರ ಮೇಲೆ ಹಾಸಿನ ನೂಲಿಗೆ ಏರಿಸಿದ ಗಂಜಿ, ಮಗ್ಗದ ಎಣ್ಣೆ, ತುಕ್ಕಿನ ಕಣ, ಬೀಜದ ಸಿಪ್ಪೆಯ ಚೂರು ಎಲ್ಲವೂ ಸೇರುತ್ತವೆ. ಗಂಜಿಯನ್ನು ಕಿಣ್ವದಿಂದಲೋ ಬಿಸಿನೀರಿನಿಂದಲೋ ತೆಗೆಯುವುದು, ಮೇಣ ಮತ್ತು ಪೆಕ್ಟಿನ್ನನ್ನು ಕಾಸ್ಟಿಕ್‌ನಲ್ಲಿ ಕುದಿಸಿ ತೆಗೆಯುವುದು, ಉಳಿದ ಕಂದು ಛಾಯೆಯನ್ನು ಪೆರಾಕ್ಸೈಡ್‌ನಿಂದ ಬಿಳಿಚಿಸುವುದು, ಬೇಕೆನಿಸಿದರೆ ಮರ್ಸರೈಸ್ ಮಾಡುವುದು, ಅಂದರೆ ಗಾಢ ಕಾಸ್ಟಿಕ್‌ನಲ್ಲಿ ಬಿಗಿದು ಹಿಡಿದು ಹೊಳಪು ಬರಿಸುವುದು, ಹೀಗೆ ಪ್ರತಿ ಹಂತಕ್ಕೂ ತನ್ನದೇ ಕೆಲಸವಿದೆ. ಒಂದು ಹಂತದಲ್ಲಿ ಉಳಿದುಹೋದುದನ್ನು ಮುಂದಿನ ಹಂತ ತೀರಿಸಿಕೊಡುವುದು ಅಪರೂಪ. ಅನೇಕ ಸಲ ಇನ್ನಷ್ಟು ಗಟ್ಟಿ ಮಾಡಿ ಕೂರಿಸುತ್ತದೆ.

ಆದ್ದರಿಂದ ದೋಷ ಕಂಡ ಕೂಡಲೇ ಕಾಸ್ಟಿಕ್ ಏರಿಸುವುದನ್ನೂ ಪೆರಾಕ್ಸೈಡ್ ಏರಿಸುವುದನ್ನೂ ನಿಲ್ಲಿಸಿ, ಬಣ್ಣ ಹಾಕದ ಅದೇ ಲಾಟಿನ ಬಟ್ಟೆಯ ಮೇಲೆ ನಾಲ್ಕು ಹನಿಗಳ ಪರೀಕ್ಷೆ ಮಾಡಬೇಕು. ನೀರಿನ ಹನಿ ಮೇಣದ ವಿಷಯ ಹೇಳುತ್ತದೆ, ಅಯೋಡಿನ್ ಹನಿ ಗಂಜಿಯ ವಿಷಯ ಹೇಳುತ್ತದೆ, ಸೂಚಕದ ಹನಿ ಉಳಿದ ಕ್ಷಾರದ ವಿಷಯ ಹೇಳುತ್ತದೆ, ಪೊಟ್ಯಾಸಿಯಂ ಅಯೋಡೈಡ್ ಮತ್ತು ಪಿಷ್ಟದ ಹನಿ ಉಳಿದ ಪೆರಾಕ್ಸೈಡ್‌ನ ವಿಷಯ ಹೇಳುತ್ತದೆ. ನಾಲ್ಕನ್ನೂ ಎರಡು ಅಂಚು, ನಡುಮೈ, ಥಾನಿನ ಆರಂಭ ಮತ್ತು ಕೊನೆ, ಇಷ್ಟೂ ಕಡೆ ಹಾಕಬೇಕು. ಒಂದೇ ಜಾಗದಲ್ಲಿ ಹನಿ ಹಾಕಿ ಎಲ್ಲವೂ ಸರಿಯಿದೆ ಎಂದು ಬರೆದುಕೊಳ್ಳುವ ಅಭ್ಯಾಸದಿಂದ ಆದ ನಷ್ಟ, ಪರೀಕ್ಷೆಯನ್ನೇ ಮಾಡದೆ ಆದ ನಷ್ಟಕ್ಕಿಂತ ಕಡಿಮೆಯೇನಲ್ಲ.

ದೋಷ ಎಲ್ಲಿ ಬಿದ್ದಿದೆ ಎಂಬುದೂ ಒಂದು ಸುಳಿವು. ಹಾಸಿನ ಉದ್ದಕ್ಕೆ ನೇರವಾಗಿ ಓಡುವ ಗೆರೆ ಸಾಮಾನ್ಯವಾಗಿ ಗಂಜಿ ಏರಿಸಿದ ಕಡೆಯದು ಅಥವಾ ನೂಲಿನ ಬೆರಕೆಯದು. ಹೊಕ್ಕಿನ ದಿಕ್ಕಿನಲ್ಲಿ ಅಡ್ಡಲಾಗಿ ಬಂದ ಪಟ್ಟೆ ನೂಲು ಬದಲಾದದ್ದರಿಂದಲೋ, ಜಿಗ್ಗರ್ ನಿಂತುಹೋದದ್ದರಿಂದಲೋ ಬಂದಿರುತ್ತದೆ. ಎರಡು ಅಂಚುಗಳು ನಡುಮೈಗಿಂತ ಬೇರೆಯಾಗಿ ಕಂಡರೆ ದ್ರಾವಣದಲ್ಲಿ ಅದ್ದಿದ ಬಟ್ಟೆಯನ್ನು ಹಿಂಡುವ ಪ್ಯಾಡಿಂಗ್ ರೋಲಿನ ಒತ್ತಡವನ್ನೋ, ಉರುಳೆಯಲ್ಲಿ ಸುತ್ತಿದ ಬಟ್ಟೆಯ ಅಂಚು ಬೇಗ ತಣಿದು ಒಣಗಿದ್ದನ್ನೋ ಶಂಕಿಸಬೇಕು. ಥಾನಿನ ಎರಡು ತುದಿಗಳಲ್ಲಿ ಮಾತ್ರ ಮಸುಕಾಗಿದ್ದರೆ ಅದು ಜಿಗ್ಗರ್‌ನ ಹಳೆಯ ಕಾಯಿಲೆ; ತುದಿಯ ಕೆಲವು ಮೀಟರ್ ಬಟ್ಟೆ ತಣ್ಣನೆಯ ಉರುಳೆಗೆ ತಾಗಿ ಕುಳಿತಿರುತ್ತದೆ.

ತೇಪೆ ತೇಪೆಯಾಗಿ ಮಸುಕಾದ ಬಣ್ಣ: ಉಳಿದ ಗಂಜಿ

ಅಯೋಡಿನ್ ದ್ರಾವಣವನ್ನು ಘಟಕದಲ್ಲೇ ತಯಾರಿಸಿಕೊಳ್ಳಬಹುದು. ಪೊಟ್ಯಾಸಿಯಂ ಅಯೋಡೈಡ್ ಕರಗಿಸಿದ ನೀರಿನಲ್ಲಿ ಅಯೋಡಿನ್ನನ್ನು ಕರಗಿಸಿ, ತೆಳು ಚಹಾದ ಬಣ್ಣ ಬರುವಂತೆ ನೀರು ಬೆರೆಸಿ, ಕಂದು ಬಾಟಲಿಯಲ್ಲಿ ಇಟ್ಟುಕೊಳ್ಳಬೇಕು. ಹನಿ ಹಾಕಿದ ಜಾಗ ಕಡುನೀಲಿಯಾದರೆ ಪಿಷ್ಟ ಹಾಗೆಯೇ ಇದೆ. ನೇರಳೆ ಅಥವಾ ಕೆಂಗಂದು ಬಂದರೆ ಪಿಷ್ಟ ಅರ್ಧಂಬರ್ಧ ಒಡೆದಿದೆ. ಅಯೋಡಿನ್‌ನದೇ ಹಳದಿ ಉಳಿದರೆ ಪಿಷ್ಟ ಹೋಗಿದೆ. ಇದನ್ನು ಅಳೆಯಲು ಟೆಗೆವಾ ಎಂಬ 1ರಿಂದ 9ರವರೆಗಿನ ಬಣ್ಣದ ಪಟ್ಟಿ ಬಳಕೆಯಲ್ಲಿದ್ದು, 1 ಎಂದರೆ ಗಂಜಿ ಹೋಗಿಯೇ ಇಲ್ಲ, 9 ಎಂದರೆ ಪೂರ್ತಿ ಹೋಗಿದೆ ಎಂದರ್ಥ. ಗಾಢ ಬಣ್ಣಕ್ಕೆ ಹೋಗುವ ಬಟ್ಟೆ ಕನಿಷ್ಠ 6 ಅಥವಾ 7 ಮುಟ್ಟಿರಬೇಕು.

ಈ ಪರೀಕ್ಷೆಯಲ್ಲೂ ಒಂದು ಮೋಸವಿದೆ. ಬಟ್ಟೆಯಲ್ಲಿ ಕ್ಷಾರ ಉಳಿದಿದ್ದರೆ ಅದು ಅಯೋಡಿನ್ನನ್ನೇ ಬಣ್ಣಗೆಡಿಸುತ್ತದೆ. ಆಗ ಗಂಜಿಯಿದ್ದರೂ ನೀಲಿ ಕಾಣದು. ಬಟ್ಟೆ ಬಿಸಿಯಿದ್ದರೂ ನೀಲಿ ಮಸುಕಾಗುತ್ತದೆ. ಆದ್ದರಿಂದ ತುಣುಕನ್ನು ತೊಳೆದು, ಕ್ಷಾರವಿಲ್ಲವೆಂದು ಖಾತರಿ ಮಾಡಿಕೊಂಡು, ಆರಿದ ಮೇಲೆಯೇ ಹನಿ ಹಾಕಬೇಕು.

ಗಂಜಿ ಉಳಿದರೆ ಬಣ್ಣಕ್ಕೆ ಆಗುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಗಂಜಿ ಬಣ್ಣ ಒಳಹೋಗುವುದನ್ನು ತಡೆಯುತ್ತದೆ ಎಂಬುದು ಅರ್ಧ ಸತ್ಯ. ಪಿಷ್ಟವೂ ಸೆಲ್ಯುಲೋಸ್‌ನಂತೆಯೇ ಗ್ಲೂಕೋಸ್ ಘಟಕಗಳ ಸರಪಳಿಯಾದ್ದರಿಂದ ರಿಯಾಕ್ಟಿವ್ ಬಣ್ಣ, ಅಂದರೆ ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ, ಅದಕ್ಕೂ ಅಂಟಿಕೊಳ್ಳುತ್ತದೆ. ಬಣ್ಣ ಹತ್ತಿದ ಕೂಡಲೇ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಸೋಪಿನಲ್ಲಿ ಕುದಿಸಿದಾಗ ಗಂಜಿ ತನಗೆ ಅಂಟಿದ ಬಣ್ಣದೊಂದಿಗೆ ಕಳಚಿ ಹೋಗುತ್ತದೆ, ತೇಪೆ ಆಗ ಎದ್ದು ಕಾಣುತ್ತದೆ. ಸೋಪಿನ ನಂತರವಷ್ಟೇ ಮಸುಕು ಬಂದಿದ್ದರೆ ಗಂಜಿಯನ್ನೇ ಮೊದಲು ಶಂಕಿಸುವುದು ಈ ಕಾರಣಕ್ಕೆ.

ಇನ್ನು ಆರಂಭದಲ್ಲಿ ಹೇಳಿದ ಪಾಪ್ಲಿನ್ನಿನ ಪ್ರಕರಣಕ್ಕೆ ಬರೋಣ. ಅಲ್ಲಿ ಗಂಜಿ ತೆಗೆಯಲು ಅಮೈಲೇಸ್ ಕಿಣ್ವವನ್ನೇ ಬಳಸುತ್ತಿದ್ದರು. ಪ್ರಮಾಣ ಸರಿಯಿತ್ತು, ಪಿಎಚ್ 6.5 ಇತ್ತು, ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ಇತ್ತು, ಕಿಣ್ವದ ಅವಧಿಯೂ ಮುಗಿದಿರಲಿಲ್ಲ. ಆದರೆ ಕೊಳವೆಬಾವಿಯ ನೀರು ಗಡಸೆಂಬ ಕಾರಣಕ್ಕೆ ಯಾರೋ ಕೊಟ್ಟ ಸಲಹೆಯಂತೆ ಕಿಣ್ವದ ತೊಟ್ಟಿಗೂ ಸೀಕ್ವೆಸ್ಟರಿಂಗ್ ಏಜೆಂಟ್, ಅಂದರೆ ನೀರಿನ ಲೋಹಾಂಶವನ್ನು ಹಿಡಿದಿಡುವ ರಾಸಾಯನಿಕವನ್ನು ಸೇರಿಸತೊಡಗಿದ್ದರು. ಅನೇಕ ಅಮೈಲೇಸ್‌ಗಳಿಗೆ ತಮ್ಮ ಆಕಾರವನ್ನು ಉಳಿಸಿಕೊಳ್ಳಲು ಕ್ಯಾಲ್ಸಿಯಂ ಬೇಕು. ಕಾಸ್ಟಿಕ್ ತೊಟ್ಟಿಗೆ ಶತ್ರುವಾದ ಕ್ಯಾಲ್ಸಿಯಂ ಕಿಣ್ವದ ತೊಟ್ಟಿಗೆ ಮಿತ್ರನಾಗಿರುವಾಗ ಅದನ್ನೇ ಕಿತ್ತುಕೊಂಡರೆ ಬಿಸಿಯಲ್ಲಿ ಕಿಣ್ವ ಬೇಗನೆ ನಿಸ್ತೇಜವಾಗುತ್ತದೆ. ಆ ರಾಸಾಯನಿಕವನ್ನು ಕಿಣ್ವದ ತೊಟ್ಟಿಯಿಂದ ಬಿಡಿಸಿ, ತೇವಕಾರಿಯನ್ನು, ಅಂದರೆ ಬಟ್ಟೆ ಬೇಗ ನೆನೆಯಲೆಂದು ಹಾಕುವ ರಾಸಾಯನಿಕವನ್ನು, ಅಯಾನಿಕವಲ್ಲದ (ವಿದ್ಯುದಂಶವಿಲ್ಲದ) ಬಗೆಗೆ ಬದಲಿಸಿ ಮತ್ತೆ ಓಡಿಸಿದಾಗ ಅಯೋಡಿನ್ ಹನಿ ಹಳದಿಯಾಗಿಯೇ ಉಳಿಯಿತು. ಎರಡು ಸಲ ಏರಿಸಿದ್ದ ಕಾಸ್ಟಿಕ್ ಅಷ್ಟೂ ಚರಂಡಿ ಸೇರಿತ್ತು; ಪಿಷ್ಟ ಕಾಸ್ಟಿಕ್‌ನಲ್ಲಿ ಉಬ್ಬಿ ಜೆಲ್ಲಿಯಂತಾಗುತ್ತದೆಯೇ ಹೊರತು ಅಷ್ಟು ಸುಲಭವಾಗಿ ಒಡೆಯುವುದಿಲ್ಲ.

ಕಿಣ್ವ ಸೋಲುವ ಬೇರೆ ಕಾರಣಗಳು ಇಷ್ಟು ಸ್ವಾರಸ್ಯಕರವಲ್ಲ. ಉಷ್ಣಮಾಪಕ ಉಗಿ ಕೊಳವೆಯ ಬಳಿ 65 ತೋರಿಸಿದರೂ ಉರುಳೆಯ ಮೇಲಿನ ಬಟ್ಟೆ 50 ಡಿಗ್ರಿಯಲ್ಲಿರಬಹುದು. ಕೋರಾ ಬಟ್ಟೆ ಸರಿಯಾಗಿ ನೆನೆಯದಿದ್ದರೆ ಕಿಣ್ವ ಒಳಗೆ ಹೋಗುವುದೇ ಇಲ್ಲ. ಒಡೆದ ಪಿಷ್ಟವನ್ನು ಬಿಸಿನೀರಿನಲ್ಲಿ ತೊಳೆಯದೆ ಬಿಟ್ಟರೆ ಅದು ಅಲ್ಲೇ ಒಣಗುತ್ತದೆ. ತಾಮ್ರದಂಥ ಭಾರಲೋಹದ ಅಂಶವೂ ಕಿಣ್ವವನ್ನು ಕೊಲ್ಲುತ್ತದೆ.

ಅಯೋಡಿನ್ ಹಳದಿಯೇ ಉಳಿದು ಬಟ್ಟೆ ಮಾತ್ರ ಕಾಗದದಂತೆ ಬಿರುಸಾಗಿದ್ದರೆ ಗಂಜಿಯಲ್ಲಿ ಪಾಲಿವಿನೈಲ್ ಆಲ್ಕೋಹಾಲ್ ಇರುವ ಸಾಧ್ಯತೆಯಿದೆ. ಬೋರಿಕ್ ಆಮ್ಲ ಬೆರೆಸಿದ ಅಯೋಡಿನ್ ದ್ರಾವಣ ಹಾಕಿದಾಗ ನೀಲಿ-ಹಸಿರು ಮೂಡಿದರೆ ಅದು ಖಚಿತವಾಗುತ್ತದೆ. ಇದಕ್ಕೆ ಅಮೈಲೇಸ್ ಏನೂ ಮಾಡಲಾರದು. 80 ಡಿಗ್ರಿಗಿಂತ ಬಿಸಿಯಾದ ನೀರು ಮತ್ತು ಡಿಟರ್ಜೆಂಟ್ ಬೇಕು. ಬಿಸಿನೀರಿನ ತೊಳೆತ ತಪ್ಪಿಸಿ ನೇರವಾಗಿ ಕಾಸ್ಟಿಕ್‌ಗೆ ಇಳಿಸಿದರೆ ಅದು ಕ್ಷಾರದಲ್ಲಿ ಹೆಪ್ಪುಗಟ್ಟಿ ಬಟ್ಟೆಗೆ ಇನ್ನಷ್ಟು ಅಂಟುತ್ತದೆ. ಕೋರಾ ಬಟ್ಟೆ ಕೊಳ್ಳುವಾಗಲೇ ಯಾವ ಗಂಜಿ ಏರಿಸಿದ್ದೀರೆಂದು ಮಗ್ಗದವರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಈ ಎಲ್ಲ ಪರೀಕ್ಷೆಗಿಂತ ಸುಲಭ. ಆದರೆ ಆ ಪ್ರಶ್ನೆ ಕೇಳುವ ಘಟಕಗಳನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ.

ನೀರು ಕುಡಿಯದ ಬಟ್ಟೆ: ಉಳಿದ ಮೇಣ

ಬಟ್ಟೆಯನ್ನು ಕಸೂತಿಯ ಬಳೆಗೆ ಹಾಕಿದಂತೆ ಬಿಗಿದು, ಒಂದು ಸೆಂಟಿಮೀಟರ್ ಎತ್ತರದಿಂದ ಒಂದು ಹನಿ ನೀರು ಬಿಟ್ಟು, ಹನಿಯ ಹೊಳಪು ಮಾಯವಾಗುವವರೆಗಿನ ಸಮಯವನ್ನು ಎಣಿಸಬೇಕು. ಚೆನ್ನಾಗಿ ಕುದಿಸಿದ ಬಟ್ಟೆ ಒಂದೆರಡು ಸೆಕೆಂಡಿನಲ್ಲಿ ಹನಿಯನ್ನು ಎಳೆದುಕೊಳ್ಳುತ್ತದೆ, ಐದು ಸೆಕೆಂಡು ಮೀರಿದರೆ ಗಾಢ ಬಣ್ಣಕ್ಕೆ ಕಳಿಸಬಾರದು. ಸಮಯದಷ್ಟೇ ಮುಖ್ಯವಾದದ್ದು ಹನಿ ಹರಡಿದ ಆಕಾರ. ದುಂಡಗೆ ಸಮವಾಗಿ ಹರಡಿದರೆ ಸರಿ. ನಕ್ಷೆಯ ಕರಾವಳಿಯಂತೆ ಅಂಕುಡೊಂಕಾಗಿ ಹರಡಿದರೆ ಮೇಣ ಅಲ್ಲಲ್ಲಿ ಉಳಿದಿದೆಯೆಂದು ತಿಳಿಯಬೇಕು.

ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ತೊಳೆಯದೆ ಉಳಿದ ತೇವಕಾರಿಯೇ ನೀರನ್ನು ಒಳಗೆಳೆದು ಬಟ್ಟೆ ಶುದ್ಧವಾಗಿದೆಯೆಂಬ ಭ್ರಮೆ ಹುಟ್ಟಿಸುತ್ತದೆ. ಶಂಕೆಯಿದ್ದರೆ ತುಣುಕನ್ನು ಬಿಸಿಯಾದ ಮೆದು ನೀರಿನಲ್ಲಿ ಎರಡು ಮೂರು ಸಲ ಜಾಲಾಡಿಸಿ, ಒಣಗಿಸಿ, ಮತ್ತೆ ಹನಿ ಹಾಕಬೇಕು. ಆಗಲೂ ಬೇಗ ಹೀರಿದರೆ ಮಾತ್ರ ನಂಬಬಹುದು.

ಮೇಣ ಉಳಿಯುವುದಕ್ಕೆ ಕಾಸ್ಟಿಕ್ ಕಡಿಮೆಯಾದದ್ದು ಒಂದು ಕಾರಣವಷ್ಟೇ. ಅಲ್ಲಿಯೂ ಲೆಕ್ಕದ ತಪ್ಪೇ ಹೆಚ್ಚು. ಬಟ್ಟೆಯ ತೂಕದ 3 ಶೇಕಡಾ ಕಾಸ್ಟಿಕ್ ಎಂಬ ಸೂತ್ರವನ್ನು ಜಿಗ್ಗರ್‌ನಲ್ಲಿ ಬಳಸಿದಾಗ, 100 ಕಿಲೋ ಬಟ್ಟೆಗೆ 400 ಲೀಟರ್ ನೀರಿನಲ್ಲಿ 3 ಕಿಲೋ ಕಾಸ್ಟಿಕ್ ಬೀಳುತ್ತದೆ, ಲೀಟರಿಗೆ 7.5 ಗ್ರಾಂ ಆಯಿತು. ಅದೇ ಸೂತ್ರವನ್ನು ವಿಂಚ್‌ಗೆ ಒಯ್ದರೆ ಅದೇ 3 ಕಿಲೋ 2000 ಲೀಟರ್ ನೀರಿನಲ್ಲಿ ಹಂಚಿಹೋಗಿ ಲೀಟರಿಗೆ 1.5 ಗ್ರಾಂ ಮಾತ್ರ ಉಳಿಯುತ್ತದೆ. ಯಂತ್ರ ಬದಲಾದಾಗ ಸೂತ್ರ ಬದಲಾಗದ ಕಾರಣ ಬಟ್ಟೆ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ, ದೂರು ಮಾತ್ರ ಕಾಸ್ಟಿಕ್ ಮಾರಿದವರ ಮೇಲೆ ಹೋಗುತ್ತದೆ.

ಎರಡನೆಯ ಕಾರಣ ತೊಳೆಯುವ ರೀತಿ. ಹತ್ತಿಯ ಮೇಣ ಸುಮಾರು 70ರಿಂದ 80 ಡಿಗ್ರಿಯ ನಡುವೆ ಕರಗುತ್ತದೆ. ಕುದಿಯುವ ತೊಟ್ಟಿಯಲ್ಲಿ ಅದು ಎಮಲ್ಷನ್ ಆಗಿ, ಅಂದರೆ ಸಣ್ಣ ಹನಿಗಳಾಗಿ ಚದುರಿ, ನೀರಿನಲ್ಲಿ ತೇಲುತ್ತಿರುವಾಗ ತೊಟ್ಟಿಯನ್ನು ಖಾಲಿ ಮಾಡಿ ಒಮ್ಮೆಲೇ ತಣ್ಣೀರು ಬಿಟ್ಟರೆ, ಮೇಣ ಎಮಲ್ಷನ್ನಿನಿಂದ ಬಿಡಿಸಿಕೊಂಡು ಬಟ್ಟೆಯ ಮೇಲೆಯೇ ಹೆಪ್ಪುಗಟ್ಟುತ್ತದೆ. ಮಾಂಸದ ಸಾರು ತಣಿದಾಗ ಪಾತ್ರೆಯ ಅಂಚಿಗೆ ಕೊಬ್ಬು ಹಿಡಿಯುವುದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಮೊದಲ ಎರಡು ತೊಳೆತ 80 ಡಿಗ್ರಿಗಿಂತ ಮೇಲೆ ನಡೆಯಬೇಕು, ಅನಂತರವೇ ತಣ್ಣೀರು. ಉರುವಲು ಉಳಿಸಲು ಈ ಎರಡು ಬಿಸಿ ತೊಳೆತಗಳಿಗೆ ಕತ್ತರಿ ಹಾಕಿದ ಘಟಕದಲ್ಲಿ ಕಾಸ್ಟಿಕ್ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ.

ಮೂರನೆಯದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತವೆ. ಹತ್ತಿಯ ಮೇಣದಲ್ಲಿರುವ ಕೊಬ್ಬಿನಾಮ್ಲಗಳೂ ಕಾಸ್ಟಿಕ್‌ನಲ್ಲಿ ಸೋಪಾಗುವುದರಿಂದ ಸೋಪು ಬಳಸದಿದ್ದರೂ ಈ ಜಿಡ್ಡು ತಪ್ಪದು. ಬಣ್ಣ ಹಾಕಿದ ಮೇಲೆ ಇದು ಜಿಡ್ಡುಗಲೆಯಂಥ ಸಣ್ಣ ಮಚ್ಚೆಗಳಾಗಿ ಕಾಣುತ್ತದೆ. ಕಿಣ್ವದ ತೊಟ್ಟಿಗೆ ಬೇಡವೆಂದ ಸೀಕ್ವೆಸ್ಟರಿಂಗ್ ಏಜೆಂಟ್ ಕಾಸ್ಟಿಕ್ ತೊಟ್ಟಿಯಲ್ಲಿ ಮಾತ್ರ ಅತ್ಯಗತ್ಯ.

ಮಗ್ಗದ ಎಣ್ಣೆಯ ಕಲೆಯ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ಅದು ಖನಿಜ ಎಣ್ಣೆಯಾದ್ದರಿಂದ ಕಾಸ್ಟಿಕ್‌ನಲ್ಲಿ ಸೋಪಾಗುವುದಿಲ್ಲ, ಎಮಲ್ಷನ್ ಮಾಡುವ ಡಿಟರ್ಜೆಂಟನ್ನು ಕಲೆಯ ಮೇಲೆ ಉಜ್ಜಿ ಆಮೇಲೆ ಕುದಿಸಬೇಕು. ಕುದಿಸಿ, ಒಣಗಿಸಿ, ಇಸ್ತ್ರಿಯಾದ ಮೇಲೆ ತೆಗೆಯಲು ಹೊರಟರೆ ಬಹುತೇಕ ತಡವಾಗಿರುತ್ತದೆ.

ಸೂಜಿಮೊನೆಯ ತೂತುಗಳು ಮತ್ತು ಬಲಗುಂದಿದ ಬಟ್ಟೆ

ಪೂರ್ವಸಂಸ್ಕರಣೆಯ ದೋಷಗಳಲ್ಲಿ ಸರಿಪಡಿಸಲಾಗದ್ದು ಇದೊಂದೇ. ಬೆಳಕಿಗೆ ಹಿಡಿದಾಗ ಸಾಸಿವೆ ಕಾಳಿಗಿಂತ ಚಿಕ್ಕ ತೂತುಗಳು ಕಾಣುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ತೂತಿನ ಸುತ್ತಲ ನೂಲಿನ ತುದಿಗಳು ಕತ್ತರಿಸಿದಂತಿರದೆ ತೆಳುವಾಗಿ, ಕೂದಲೆಳೆಯಂತೆ ಸವೆದು ನಿಂತಿರುತ್ತವೆ. ಕೆಲವು ಕಡೆ ನಡುವೆ ತಿಳಿಹಳದಿ ಬಳೆಯೂ ಉಳಿದಿರುತ್ತದೆ. ಇಲಿ ಅಥವಾ ಹುಳು ತಿಂದ ತೂತಿಗೂ, ಮಗ್ಗದಲ್ಲಿ ಮೊಳೆ ಸಿಕ್ಕಿ ಹರಿದ ತೂತಿಗೂ ಈ ಸವೆದ ಅಂಚು ಇರುವುದಿಲ್ಲ.

ಕಾರಣ ಕಬ್ಬಿಣ ಅಥವಾ ತಾಮ್ರದ ಕಣ. ಪೆರಾಕ್ಸೈಡ್ ನಿಧಾನವಾಗಿ ಒಡೆದರೆ ಬಟ್ಟೆ ಬಿಳಿಯಾಗುತ್ತದೆ. ಲೋಹದ ಕಣ ಇದ್ದಲ್ಲಿ ಅದು ಒಮ್ಮೆಲೇ ಒಡೆದು ಆ ಜಾಗದ ಸೆಲ್ಯುಲೋಸನ್ನೇ ತಿನ್ನುತ್ತದೆ. ಕಣವೂ ತೂತಿನೊಂದಿಗೆ ಕಳಚಿ ಹೋಗುವುದರಿಂದ ಬ್ಲೀಚಾದ ಬಟ್ಟೆಯಲ್ಲಿ ಸಾಕ್ಷಿ ಸಿಗುವುದು ಕಷ್ಟ. ಅದೇ ಲಾಟಿನ ಕೋರಾ ಬಟ್ಟೆಯನ್ನು ತೆಗೆದುಕೊಂಡು, ಕಂದು ಚುಕ್ಕೆ ಕಂಡಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ, ಅದರ ಮೇಲೆ ಪೊಟ್ಯಾಸಿಯಂ ಫೆರೋಸಯನೈಡ್ ದ್ರಾವಣದ ಒಂದು ಹನಿ ಹಾಕಬೇಕು. ಕಡುನೀಲಿ ಮೂಡಿದರೆ ಕಬ್ಬಿಣ. ಕಂದು ಚುಕ್ಕೆ ನೀಲಿಯಾಗದೆ ಹಾಗೆಯೇ ಉಳಿದರೆ ಅದು ಬೀಜದ ಸಿಪ್ಪೆಯಿರಬಹುದು. ಸಿಪ್ಪೆಯಾದರೆ ಹೆದರಬೇಕಿಲ್ಲ, ಕುದಿಸುವ ಸಮಯ ಹೆಚ್ಚಿಸಿದರೆ ಹೋಗುತ್ತದೆ.

ಕಬ್ಬಿಣವೆಂದು ಖಚಿತವಾದರೆ ಪೆರಾಕ್ಸೈಡ್‌ಗೆ ಇಳಿಸುವ ಮೊದಲೇ ಲೀಟರಿಗೆ 2ರಿಂದ 4 ಗ್ರಾಂ ಆಕ್ಸಾಲಿಕ್ ಆಮ್ಲದ ದ್ರಾವಣದಲ್ಲಿ 50ರಿಂದ 60 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿಸಿ, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಆಮ್ಲ ಉಳಿದ ಬಟ್ಟೆಯನ್ನು ಒಣಗಲು ಬಿಟ್ಟರೆ ಅದೇ ಇನ್ನೊಂದು ಬಗೆಯ ಬಲಗುಂದುವಿಕೆಗೆ ಕಾರಣವಾಗುತ್ತದೆ. ಆಕ್ಸಾಲಿಕ್ ಆಮ್ಲ ವಿಷವೆಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲೇ ಬರೆದಿಡಬೇಕು.

ತೂತಿಲ್ಲದೆ ಇಡೀ ಬಟ್ಟೆ ಬಲಗುಂದಿದ್ದರೆ ಹುಡುಕಾಟದ ದಾರಿ ಬೇರೆ. ಕೋರಾ ಬಟ್ಟೆಯನ್ನೂ ಬ್ಲೀಚಾದ ಬಟ್ಟೆಯನ್ನೂ ಹಾಸು ಮತ್ತು ಹೊಕ್ಕು ಎರಡೂ ದಿಕ್ಕಿನಲ್ಲಿ ಹರಿದು ಹೋಲಿಸಬೇಕು. ಕಿವಿಗೆ ಕೇಳುವ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ, ಬಲಗುಂದಿದ ಬಟ್ಟೆ ಚರ್ರೆನ್ನದೆ ಮೆತ್ತಗೆ ಹರಿಯುತ್ತದೆ. ಬಳಿಕ ತುಣುಕನ್ನು ತಾಮ್ರಾಂಶವಿರುವ ಫೆಹ್ಲಿಂಗ್ ಪರೀಕ್ಷಾ ದ್ರಾವಣದಲ್ಲಿ ಕುದಿಸಿದರೆ, ಹಾನಿಯಾದ ಸೆಲ್ಯುಲೋಸ್ ಮೇಲೆ ಕೆಂಪು ಕ್ಯೂಪ್ರಸ್ ಆಕ್ಸೈಡ್ ಕೂರುತ್ತದೆ. ಹಾನಿ ಆಮ್ಲದಿಂದಲೋ ಉತ್ಕರ್ಷಣದಿಂದಲೋ ಎಂಬುದಕ್ಕೆ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ನೆರವಾಗುತ್ತದೆ. ಕ್ಷಾರದಲ್ಲಿ ಉತ್ಕರ್ಷಣಗೊಂಡ ಬಟ್ಟೆ ಅದನ್ನು ಹೆಚ್ಚು ಹಿಡಿದುಕೊಳ್ಳುತ್ತದೆ.

ಹೈಪೊಕ್ಲೋರೈಟ್ ಅಥವಾ ಬ್ಲೀಚಿಂಗ್ ಪುಡಿ ಬಳಸುವವರು ಮೊದಲು ನೋಡಬೇಕಾದದ್ದು ಪಿಎಚ್. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದಂದಿನಿಂದ ಇಂದಿನವರೆಗೂ ಅದರ ಗುಣ ಬದಲಾಗಿಲ್ಲ: ಪಿಎಚ್ 9.5ರಿಂದ 11ರ ನಡುವೆ ಇದ್ದರೆ ವಿಧೇಯ, 7ರ ಹತ್ತಿರ ಬಂದರೆ ಬಟ್ಟೆಗೆ ಅತ್ಯಂತ ಅಪಾಯಕಾರಿ. ಕ್ರಿಯೆ ನಡೆಯುತ್ತ ಆಮ್ಲ ಹುಟ್ಟುವುದರಿಂದ ಆರಂಭದಲ್ಲಿ ಸರಿಯಿದ್ದ ಪಿಎಚ್ ತಾನಾಗಿಯೇ ಇಳಿಯುತ್ತದೆ. ಸೋಡಾ ಆ್ಯಷ್ ಹಾಕಿ ಕಾಯಬೇಕು. ಉಷ್ಣತೆಯನ್ನು ಏರಿಸಲೇಬಾರದು. ಕೊನೆಯಲ್ಲಿ ಸೋಡಿಯಂ ಬೈಸಲ್ಫೈಟ್ ಅಥವಾ ಥಯೋಸಲ್ಫೇಟ್‌ನಿಂದ ಕ್ಲೋರಿನ್ ತೆಗೆಯದಿದ್ದರೆ ಗೋದಾಮಿನಲ್ಲಿ ಬಟ್ಟೆ ಹಳದಿಯಾಗಿ, ಮಡಿಕೆಯಲ್ಲಿ ಹರಿಯುತ್ತದೆ. ಹೈಪೊಕ್ಲೋರೈಟ್ ಇರುವ ತೊಟ್ಟಿಗೆ ಆಮ್ಲ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬಾರದು.

ಬಿಳುಪು ಸಾಲದು, ಅಥವಾ ಒಂದೊಂದು ಲಾಟಿಗೂ ಒಂದೊಂದು ಬಿಳುಪು

ಪೆರಾಕ್ಸೈಡ್ ಬ್ಲೀಚಿಂಗ್‌ಗೆ ಪಿಎಚ್ 10.5ರಿಂದ 11, ಉಷ್ಣತೆ 90ರಿಂದ 95 ಡಿಗ್ರಿ, ಸಮಯ ಸುಮಾರು ಒಂದು ಗಂಟೆ ಎಂಬುದು ಎಲ್ಲರಿಗೂ ಗೊತ್ತು. ಬಿಳುಪು ಕಡಿಮೆಯಾದಾಗ ತೊಟ್ಟಿಯಲ್ಲಿ ಪೆರಾಕ್ಸೈಡ್ ಎಷ್ಟು ಉಳಿದಿದೆ ಎಂದು ನೋಡುವವರು ಮಾತ್ರ ಕಡಿಮೆ. ತೊಟ್ಟಿಯ ದ್ರಾವಣ 10 ಮಿಲಿಲೀಟರ್ ತೆಗೆದು, ದುರ್ಬಲ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 0.1 ನಾರ್ಮಲ್ ಸಾಂದ್ರತೆಯ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣವನ್ನು ತಿಳಿಗುಲಾಬಿ ನಿಲ್ಲುವವರೆಗೆ ಹನಿಸಬೇಕು. ಎಷ್ಟು ಮಿಲಿಲೀಟರ್ ಹಿಡಿಯಿತೋ ಅದನ್ನು 0.17ರಿಂದ ಗುಣಿಸಿದರೆ ಲೀಟರಿನಲ್ಲಿರುವ ಶುದ್ಧ ಹೈಡ್ರೋಜನ್ ಪೆರಾಕ್ಸೈಡ್‌ನ ಗ್ರಾಂ ಲೆಕ್ಕ ಸಿಗುತ್ತದೆ. ಆರಂಭದಲ್ಲೊಮ್ಮೆ, ಹದಿನೈದು ನಿಮಿಷಕ್ಕೊಮ್ಮೆ, ಕೊನೆಗೊಮ್ಮೆ ಇದನ್ನು ಅಳೆದರೆ ರೋಗ ತಾನೇ ಹೆಸರು ಹೇಳುತ್ತದೆ.

ಹದಿನೈದೇ ನಿಮಿಷದಲ್ಲಿ ಪೆರಾಕ್ಸೈಡ್ ಬಹುತೇಕ ಮುಗಿದಿದ್ದರೆ ನೀರಿನಲ್ಲಿ ಲೋಹವಿದೆ, ಅಥವಾ ಪೆರಾಕ್ಸೈಡ್ ಬೇಗ ಒಡೆಯದಂತೆ ತಡೆಯುವ ಸ್ಥಿರಕಾರಿ ಸಾಲದು, ಅಥವಾ ಕಾಸ್ಟಿಕ್ ಅತಿಯಾಗಿದೆ. ಕೊನೆಯಲ್ಲೂ ಮುಕ್ಕಾಲು ಪಾಲು ಉಳಿದಿದ್ದರೆ ಉಷ್ಣತೆಯೋ ಪಿಎಚ್ಚೋ ಏರಿಲ್ಲ. ಪೆರಾಕ್ಸೈಡ್ ಕೆಲಸ ಮಾಡಲು ಕ್ಷಾರ ಬೇಕು. ಕೊನೆಯಲ್ಲಿ 10ರಿಂದ 15 ಶೇಕಡಾ ಉಳಿದಿದ್ದೂ ಬಟ್ಟೆ ಕಂದಾಗಿಯೇ ಇದ್ದರೆ ದೋಷ ಬ್ಲೀಚಿಂಗ್‌ನದಲ್ಲ, ಕುದಿಸಿದ ಹಂತದ್ದು. ಆರಂಭದ ಅಳತೆಯೇ ಕಡಿಮೆ ಬಂದರೆ ಡ್ರಮ್ಮಿನಲ್ಲಿರುವ 50 ಶೇಕಡಾದ ಪೆರಾಕ್ಸೈಡ್ ಬಿಸಿಲಿಗೆ ಶಕ್ತಿ ಕಳೆದುಕೊಂಡಿದೆ. ಡ್ರಮ್ಮಿನ ಮುಚ್ಚಳದಲ್ಲಿರುವ ಗಾಳಿಯ ರಂಧ್ರವನ್ನು ಮುಚ್ಚಬಾರದು, ಒಮ್ಮೆ ಹೊರತೆಗೆದ ಪೆರಾಕ್ಸೈಡನ್ನು ಮತ್ತೆ ಡ್ರಮ್ಮಿಗೆ ಸುರಿಯಬಾರದು.

ಸ್ಥಿರಕಾರಿಯಾಗಿ ಸೋಡಿಯಂ ಸಿಲಿಕೇಟ್ ಬಳಸುವವರು ಬಟ್ಟೆ ಮರಳಿನಂತೆ ಒರಟಾಯಿತೆಂದು, ಹೊಲಿಗೆಯಲ್ಲಿ ಸೂಜಿ ನೂಲನ್ನು ಕತ್ತರಿಸುತ್ತದೆಂದು ದೂರುತ್ತಾರೆ. ಬ್ಲೀಚಿಂಗ್ ಮುಗಿದೊಡನೆ ಆಮ್ಲ ಹಾಕಿದ್ದೇ ಇದಕ್ಕೆ ಕಾರಣವಾಗಿರುವುದುಂಟು, ಏಕೆಂದರೆ ಆಮ್ಲದಲ್ಲಿ ಸಿಲಿಕಾ ಹೆಪ್ಪುಗಟ್ಟುತ್ತದೆ. ಮೊದಲು ಸೋಡಾ ಆ್ಯಷ್ ಬೆರೆತ ಬಿಸಿನೀರು, ನಂತರ ಬಿಸಿನೀರು, ಆಮೇಲೆ ಆಮ್ಲ. ಈ ಸರದಿ ತಪ್ಪಬಾರದು.

ಬ್ಲೀಚಿಂಗ್ ಚೆನ್ನಾಗಿದ್ದೂ ಬಣ್ಣ ತೆಳುವಾದರೆ

ಬಟ್ಟೆ ನೀರು ಕುಡಿಯುತ್ತದೆ, ಗಂಜಿಯಿಲ್ಲ, ಬಿಳುಪಿದೆ, ಆದರೂ ರಿಯಾಕ್ಟಿವ್ ಬಣ್ಣ ಮಾದರಿಗಿಂತ ತೆಳುವಾಗಿದೆ ಅಥವಾ ಛಾಯೆ ಬದಲಾಗಿದೆ ಎಂದಾದರೆ ಉಳಿದ ಪೆರಾಕ್ಸೈಡನ್ನೂ ಉಳಿದ ಕ್ಷಾರವನ್ನೂ ನೋಡಬೇಕು. ಪೊಟ್ಯಾಸಿಯಂ ಅಯೋಡೈಡ್, ಪಿಷ್ಟ ಮತ್ತು ತುಸು ಆಮ್ಲ ಬೆರೆತ ಹನಿ ನೀಲಿಯಾದರೆ ಪೆರಾಕ್ಸೈಡ್ ಉಳಿದಿದೆ. ಅದು ಬಣ್ಣದ ಅಣುವನ್ನೇ ಕೆಡಿಸುತ್ತದೆ. ಹೈಪೊಕ್ಲೋರೈಟ್ ಬಳಸಿದ ಬಟ್ಟೆಯಲ್ಲಿ ಇದೇ ನೀಲಿ ಕ್ಲೋರಿನ್ನಿನಿಂದಲೂ ಬರುವುದನ್ನು ಮರೆಯಬಾರದು. ಬಿಸಿನೀರಿನಲ್ಲಿ ನಾಲ್ಕಾರು ಸಲ ತೊಳೆಯುವುದಕ್ಕಿಂತ ಕ್ಯಾಟಲೇಸ್ ಕಿಣ್ವದಿಂದ ಕಳೆಯುವುದು ಅಗ್ಗವೂ ಹೌದು, ನೀರಿನ ಉಳಿತಾಯವೂ ಹೌದು. ಆದರೆ ಮೊದಲು ಅಸಿಟಿಕ್ ಆಮ್ಲದಿಂದ ಪಿಎಚ್ ಅನ್ನು 7ರ ಆಸುಪಾಸಿಗೆ ಇಳಿಸಿ, ಉಷ್ಣತೆ 40ರಿಂದ 50 ಡಿಗ್ರಿಗೆ ಬಂದ ಮೇಲೆಯೇ ಕಿಣ್ವ ಹಾಕಬೇಕು. ಬಿಸಿ ಕ್ಷಾರದ ತೊಟ್ಟಿಗೆ ಸುರಿದ ಕ್ಯಾಟಲೇಸ್ ಸುರಿದ ಕ್ಷಣವೇ ಸತ್ತಿರುತ್ತದೆ.

ಕ್ಷಾರದ ವಿಷಯ ಇದಕ್ಕಿಂತ ನವಿರಾದದ್ದು. ಬಟ್ಟೆಯ ಹೊರಮೈ ತಟಸ್ಥವಾಗಿ ಕಂಡರೂ ಎಳೆಯೊಳಗೆ ಕ್ಷಾರ ಉಳಿದಿರಬಹುದು, ಆದ್ದರಿಂದ ತುಣುಕನ್ನು ಸಣ್ಣಗೆ ಕತ್ತರಿಸಿ ಶುದ್ಧ ನೀರಿನಲ್ಲಿ ಕುದಿಸಿ ಆ ನೀರಿನ ಪಿಎಚ್ ನೋಡಬೇಕು. ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಬೈಕಾರ್ಬೊನೇಟ್ ಹೆಚ್ಚಿರುವ ಕೊಳವೆಬಾವಿಯ ನೀರಿನಲ್ಲಿ ತೊಳೆದ ಬಟ್ಟೆ ಒದ್ದೆಯಿದ್ದಾಗ ಕ್ಷಾರದ ಸೂಚಕವಾದ ಫಿನಾಲ್ಫ್ತಲೀನ್‌ಗೆ ಗುಲಾಬಿಯಾಗುವುದಿಲ್ಲ. ಡ್ರೈಯರ್‌ನಲ್ಲಿ ಒಣಗುವಾಗ ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ, ಅದೇ ಬಟ್ಟೆ ಒಣಗಿದ ಮೇಲೆ ಕ್ಷಾರ ತೋರಿಸುತ್ತದೆ. ಒದ್ದೆ ಬಟ್ಟೆಯನ್ನು ಮಾತ್ರ ಪರೀಕ್ಷಿಸಿ ಕಳಿಸಿದವರಿಗೆ ಬಣ್ಣ ಅಕಾಲದಲ್ಲಿ ಅಂಟಿಕೊಂಡು ಏರುಪೇರಾದದ್ದು ಏಕೆಂದು ಅರ್ಥವಾಗುವುದೇ ಇಲ್ಲ. ಕೊನೆಯ ತೊಳೆತಕ್ಕೆ ತುಸು ಅಸಿಟಿಕ್ ಆಮ್ಲ ಬಿಟ್ಟರೆ ಇದು ತಪ್ಪುತ್ತದೆ. ಸಲ್ಫ್ಯೂರಿಕ್ ಆಮ್ಲ ಅಗ್ಗವೆಂದು ಅದನ್ನು ಬಳಸಿದರೆ, ಆವಿಯಾಗದ ಆ ಆಮ್ಲ ಒಣಗುವ ಬಟ್ಟೆಯಲ್ಲಿ ಸಾಂದ್ರಗೊಂಡು ಎಳೆಯನ್ನು ಕೊರೆಯುತ್ತದೆ.

ಬಣ್ಣದ ನಡುವೆ ಬಿಳಿ ಚುಕ್ಕೆಗಳು, ಮರ್ಸರೈಸಿಂಗ್‌ನ ಏರುಪೇರು

ಕಡುಬಣ್ಣದ ಮೇಲೆ ಎಳ್ಳಿನಂತೆ ಉದುರಿದ ಬಿಳಿ ಚುಕ್ಕೆಗಳನ್ನು ಸೂಜಿಯಿಂದ ಎತ್ತಿ ಭೂತಗನ್ನಡಿಯಲ್ಲಿ ನೋಡಬೇಕು. ಸಿಕ್ಕುಬಿದ್ದ ಎಳೆಗಳ ಪುಟ್ಟ ಗಂಟಾಗಿದ್ದರೆ ಅದು ಬಲಿಯದ ಹತ್ತಿ. ಅದರ ಎಳೆಯ ಗೋಡೆ ತೆಳುವಾದ್ದರಿಂದ ಬಣ್ಣ ಹಿಡಿಯುವಷ್ಟು ಸೆಲ್ಯುಲೋಸ್ ಇರುವುದಿಲ್ಲ. ಇದು ನೂಲಿನ ದೋಷ, ಸಂಸ್ಕರಣೆಯಲ್ಲಿ ಪೂರ್ತಿ ಹೋಗದು, ಆದರೆ ಮರ್ಸರೈಸ್ ಮಾಡಿದರೆ ಗಣನೀಯವಾಗಿ ಮರೆಯಾಗುತ್ತದೆ.

ಮರ್ಸರೈಸಿಂಗ್‌ನ ಕಥೆಯೇ ಅದರ ದೋಷಗಳನ್ನು ವಿವರಿಸುತ್ತದೆ. ಇಂಗ್ಲೆಂಡಿನ ಜಾನ್ ಮರ್ಸರ್ 1850ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಗಾಢ ಕಾಸ್ಟಿಕ್‌ಗೆ ಸಿಕ್ಕ ಬಟ್ಟೆ ಬಲವಾಯಿತು, ಬಣ್ಣ ಹೆಚ್ಚು ಹಿಡಿಯಿತು, ಆದರೆ ಮುದುಡಿತು. ಬಟ್ಟೆಯನ್ನು ಬಿಗಿದು ಹಿಡಿದರೆ ಮುದುಡದೆ ಹೊಳಪು ಬರುತ್ತದೆಂದು ಸುಮಾರು ನಾಲ್ಕು ದಶಕಗಳ ನಂತರ ತೋರಿಸಿದವರು ಹೊರೇಸ್ ಲೋ. ಹೊಳಪು ಬಾರದಿದ್ದರೆ ಬಿಗಿತವನ್ನು, ಅಂಚು ಮತ್ತು ನಡುಮೈ ಬೇರೆ ಛಾಯೆಯಾದರೆ ಕಾಸ್ಟಿಕ್ ಸಮವಾಗಿ ನೆನೆದಿದೆಯೇ ಎಂಬುದನ್ನು, ಆಮೇಲೆ ಅಗಲ ಕುಗ್ಗಿದರೆ ಕ್ಷಾರ ಇಳಿಯುವ ಮೊದಲೇ ಬಿಗಿತ ಸಡಿಲಿಸಿದಿರೇ ಎಂಬುದನ್ನು ನೋಡಬೇಕು. ಎಷ್ಟರಮಟ್ಟಿಗೆ ಮರ್ಸರೈಸ್ ಆಗಿದೆಯೆಂದು ತಿಳಿಯಲು, ಬಟ್ಟೆ ಬೇರಿಯಂ ಹೈಡ್ರಾಕ್ಸೈಡ್ ಹೀರುವ ಪ್ರಮಾಣವನ್ನು ಮರ್ಸರೈಸ್ ಆಗದ ಬಟ್ಟೆಯದರೊಂದಿಗೆ ಹೋಲಿಸಿ ಪಡೆಯುವ ಬೇರಿಯಂ ಸಂಖ್ಯೆ ಇದೆ: 100ರ ಆಸುಪಾಸು ಎಂದರೆ ಆಗಿಯೇ ಇಲ್ಲ, 150 ಮೀರಿದರೆ ಪೂರ್ತಿ ಆಗಿದೆ. ತೊಟ್ಟಿಯ ಕಾಸ್ಟಿಕ್ ಬಿಸಿಯೇರಿದರೂ ಫಲ ಕಡಿಮೆಯಾಗುವುದರಿಂದ ಬೇಸಿಗೆಯಲ್ಲಿ ತೊಟ್ಟಿಯನ್ನು ತಣಿಸುವ ಏರ್ಪಾಡು ಬೇಕು.

ಕಾಸ್ಟಿಕ್ ಕರಗಿಸುವಾಗ ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯುತ್ತಲೇ ಇದ್ದು ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರತಿ ಲಾಟಿನಿಂದ ಕೋರಾ, ಗಂಜಿ ತೆಗೆದದ್ದು, ಕುದಿಸಿದ್ದು, ಬ್ಲೀಚಾದದ್ದು ಎಂದು ನಾಲ್ಕು ತುಣುಕುಗಳನ್ನು ಕತ್ತರಿಸಿ, ದಿನಾಂಕದೊಂದಿಗೆ ಪುಸ್ತಕಕ್ಕೆ ಅಂಟಿಸಿ ಇಡುವ ಘಟಕಕ್ಕೆ ಮೇಲಿನ ಹುಡುಕಾಟ ಅರ್ಧ ದಿನದ ಕೆಲಸ. ಇಡದ ಘಟಕಕ್ಕೆ ವಾರದ ಜಗಳ. ಆದರೆ ಲಾಟಿನ ಸಂಖ್ಯೆಯ ಚೀಟಿಯನ್ನು ಥಾನಿಗೆ ಸ್ಟೇಪ್ಲರ್ ಪಿನ್ನಿನಿಂದ ಚುಚ್ಚಬಾರದು, ನೂಲಿನಿಂದ ಹೊಲಿಯಬೇಕು. ಬಟ್ಟೆಯಲ್ಲಿ ಮರೆತುಹೋದ ಪಿನ್ನು ಪೆರಾಕ್ಸೈಡ್ ತೊಟ್ಟಿಗೆ ಇಳಿದಾಗ, ಸುತ್ತಿದ ಉರುಳೆಯಲ್ಲಿ ತಾನು ತಾಗಿದ ಪ್ರತಿ ಪದರಕ್ಕೂ ಒಂದೊಂದು ತೂತು ಬರೆದಿಡುತ್ತದೆ.